ದೂರು: ಎತ್ತರ ಏರಿದರೂ ದಣಿಯದ ಎಂಜಿನ್

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಯುದ್ಧವಿಮಾನ ಹಾರಾಟದ ಆಟದ ಹೊಸ ಆವೃತ್ತಿಯಲ್ಲಿರುವ ದೋಷ

ಮಾನ್ಯರೇ,

ನಾನು ವಾಯುಪಡೆಯಲ್ಲಿ ಎಂಜಿನ್ ದುರಸ್ತಿ ಮಾಡುತ್ತಿದ್ದವನು. ನಿವೃತ್ತನಾದ ಮೇಲೆ ಪುಣೆಯ ವಿಮಾನನಗರದಲ್ಲಿ ನೆಲೆಸಿದ್ದೇನೆ. ಕನ್ನಡದಲ್ಲೂ ದೂರು ಸ್ವೀಕರಿಸುತ್ತೇವೆ ಎಂದು ನೀವು ತಿಳಿಸಿರುವುದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಪ್ರತಿ ವಿಮಾನಕ್ಕೂ ಅದರದೇ ಎಂಜಿನ್ನಿನ ಗುಣ ಕೊಟ್ಟಿದ್ದೇವೆ ಎಂಬ ನಿಮ್ಮ ಮಾತನ್ನು ನಂಬಿ ಕಳೆದ ವರ್ಷ 2,400 ರೂಪಾಯಿ ಕೊಟ್ಟು ಈ ಆಟ ಕೊಂಡೆ. ಸೂಪರ್‌ಚಾರ್ಜರ್ ಎಂದರೇನು ಎಂದು ಮೊಮ್ಮಗನಿಗೆ ಕಲಿಸಿದ್ದೂ ಇದರಲ್ಲೇ. ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ. ಹೊಸ ಆವೃತ್ತಿ ಬಂದು ಆ ಪಾಠವನ್ನೆಲ್ಲ ಸುಳ್ಳು ಮಾಡಿತು.

ಕಳೆದ ಭಾನುವಾರ ಅವನು ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಪಿ-39 ಐರಾಕೋಬ್ರಾ ಹಾರಿಸುತ್ತಿದ್ದ. 4,000 ಮೀಟರ್ ದಾಟಿತು, 6,000 ದಾಟಿತು, 9,000 ಮುಟ್ಟಿತು. ಮ್ಯಾನಿಫೋಲ್ಡ್ ಒತ್ತಡದ (ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡದ) ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಅಜ್ಜ, ನೀವು ಹೇಳಿದ್ದೇ ತಪ್ಪಿರಬೇಕು" ಎಂದ. ಆ ಮಾತು ನನಗೆ ನಾಟಿತು.

ತಪ್ಪು ನನ್ನದಲ್ಲ. 9,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 40ನ್ನೂ ಮುಟ್ಟುವುದಿಲ್ಲ. ಟರ್ಬೊ (ಎಂಜಿನ್ನಿನ ಹೊಗೆಯ ರಭಸದಿಂದ ತಿರುಗಿ ಗಾಳಿ ಒತ್ತುವ ಸಾಧನ) ಇಲ್ಲದೆ, ಒಂದೇ ಹಂತದ ಸೂಪರ್‌ಚಾರ್ಜರ್ ನೆಚ್ಚಿಕೊಂಡಿದ್ದ ಐರಾಕೋಬ್ರಾ ಸುಮಾರು 4,500 ಮೀಟರ್ ದಾಟಿದರೆ ಏದುಸಿರು ಬಿಡುತ್ತಿತ್ತು. ಬ್ರಿಟಿಷರಿಗೆ ಒಗ್ಗದ ಈ ವಿಮಾನ ಸೋವಿಯತ್ ಪೈಲಟ್‌ಗಳ ಕೈಯಲ್ಲಿ ಮೆರೆದದ್ದು, ಅಲ್ಲಿನ ಕಾಳಗ ಬಹುಪಾಲು ಕಡಿಮೆ ಎತ್ತರದಲ್ಲಿ ನಡೆದದ್ದರಿಂದ. ಸೋವಿಯತ್ ದಾಳಿ ವಿಮಾನ ಇಲ್-2 ನೆಲಕ್ಕೆ ಹತ್ತಿರ ಹಾರಿ ಟ್ಯಾಂಕ್‌ಗಳ ಮೇಲೆ ಎರಗುತ್ತಿತ್ತು. ಅದನ್ನು ಕಾಯುವವರೂ ಬೇಟೆಯಾಡುವವರೂ ಅಲ್ಲಿಗೇ ಇಳಿಯಬೇಕಿತ್ತು. ಪಶ್ಚಿಮ ಯುರೋಪಿನಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು 7,500 ಮೀಟರ್ ಆಸುಪಾಸಿನಲ್ಲಿ ಬರುತ್ತಿದ್ದವು. ಅಮೆರಿಕದ ಇನ್ನೊಂದು ಯುದ್ಧವಿಮಾನ ಪಿ-47 ಹೊತ್ತಿದ್ದ ಭಾರಿ ಟರ್ಬೊಗೆ ಬೆಲೆ ಬಂದದ್ದು ಆ ಎತ್ತರದಲ್ಲಿ. ನಿಮ್ಮ ಹೊಸ ಆವೃತ್ತಿಯಲ್ಲಿ ಪಿ-39ಕ್ಕೂ ಪಿ-47ಕ್ಕೂ ಬಣ್ಣ ಬಿಟ್ಟರೆ ವ್ಯತ್ಯಾಸವಿಲ್ಲ.

ನನ್ನ ಮೊದಲ ದೂರಿಗೆ, ಎಲ್ಲ ಆಟಗಾರರಿಗೂ ಸಮಾನ ಅವಕಾಶ ಸಿಗಲೆಂದು ಹೀಗೆ ಮಾಡಿದ್ದೇವೆ ಎಂಬ ಉತ್ತರ ಬಂತು. ಹಾಗಿದ್ದರೆ ಕಾಳಗವನ್ನು 9,000 ಮೀಟರ್ ಬದಲು 3,000 ಮೀಟರ್ ಎತ್ತರದಲ್ಲಿ ಆರಂಭಿಸಿ. ಎಂಜಿನ್ನಿನ ಗುಣವನ್ನು ಅಳಿಸಬೇಡಿ.

ಹಳೆಯ ಲೆಕ್ಕಾಚಾರವನ್ನು ಕನಿಷ್ಠ ಒಂದು ಪ್ರತ್ಯೇಕ ಆಯ್ಕೆಯಾಗಿಯಾದರೂ 30 ದಿನಗಳೊಳಗೆ ಮರಳಿ ಕೊಡಬೇಕು. ಆಗದಿದ್ದರೆ ನನ್ನ ಹಣ ಹಿಂದಿರುಗಿಸಬೇಕು. ರಸೀದಿಯ ಪ್ರತಿ ಮತ್ತು ಆ ಮುಳ್ಳಿನ ಮೂರು ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ
ವಿಮಾನನಗರ, ಪುಣೆ