ಬಂಗಲೆಯ ಚಾವಿ ಒಪ್ಪಿಸಿದ ಮೇಲೆ ಸಭಾಪಾಲಕರು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರಿಗೆ,

ವಂದನೆಗಳು. ನಾನು ಉತ್ತರ ಕರ್ನಾಟಕದ ಹಲವು ಊರುಗಳ ಕ್ರೈಸ್ತ ಸಭೆಗಳಲ್ಲಿ 36 ವರ್ಷ ಸೇವೆ ಸಲ್ಲಿಸಿ ನಿವೃತ್ತರಾದ ಸಭಾಪಾಲಕರೊಬ್ಬರ, ಅಂದರೆ ಪಾಸ್ಟರ್ ಒಬ್ಬರ ಮಗಳು. ಹುಬ್ಬಳ್ಳಿಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ 20 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕಳೆದ ಆರು ತಿಂಗಳಲ್ಲಿ ನಿವೃತ್ತ ಪಾಸ್ಟರುಗಳ ಆಸ್ಪತ್ರೆ ಖರ್ಚಿಗೆ ನೆರವು ಕೋರುವ ಮೂರು ವಾಟ್ಸ್ಆ್ಯಪ್ ಸಂದೇಶಗಳು ನನಗೆ ಬಂದವು. ಮೂರಕ್ಕೂ ಕೈಲಾದಷ್ಟು ಕಳಿಸಿದೆ, ನನ್ನಂತೆ ನೂರಾರು ಜನ ಕಳಿಸಿದರು. ನಮ್ಮ ಸಭೆಗಳ ಜನರಲ್ಲಿ ಔದಾರ್ಯಕ್ಕೆ ಕೊರತೆಯಿಲ್ಲ. ಆದರೆ ಅದು ಮೂವತ್ತು ವರ್ಷ ತಡವಾಗಿ ಬರುತ್ತಿದೆ ಎಂಬುದನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಅಪ್ಪ ನಿವೃತ್ತರಾದದ್ದು 2009ರ ಏಪ್ರಿಲ್‌ನಲ್ಲಿ. ಕೊನೆಯ ದಿನ ಸಭೆಯ ಕಾರ್ಯದರ್ಶಿ ಮತ್ತು ಖಜಾಂಚಿ ಒಂದು ನೋಟ್‌ಬುಕ್ ಹಿಡಿದು, ಸಭೆ ಪಾಲಕರ ವಾಸಕ್ಕೆ ಕೊಡುವ ಬಂಗಲೆಗೆ ಬಂದರು. ಮಂಚ ಎರಡು, ಕಪಾಟು ಒಂದು, ಬೆತ್ತದ ಕುರ್ಚಿ ನಾಲ್ಕು, ಗೋಡೆಗೆ ಹೊಡೆದ ಬಟ್ಟೆಗೂಟ ಒಂದು ಎಂದು ಎಲ್ಲವನ್ನೂ ಎಣಿಸಿ, ಅಪ್ಪನ ಸಹಿ ಹಾಕಿಸಿಕೊಂಡು ಚಾವಿ ಪಡೆದರು. ಬಂದವರದು ತಪ್ಪೇನಲ್ಲ, ಹೊಸ ಪಾಲಕರ ಕುಟುಂಬ ಮುಂದಿನ ವಾರವೇ ಬರುವುದಿತ್ತು. ತಾನು ನೆಟ್ಟ ಕರಿಬೇವಿನ ಗಿಡ ಪಟ್ಟಿಯಲ್ಲಿ ಬಿಟ್ಟುಹೋಗಿದೆ ಎಂದು ಅವ್ವ ನಕ್ಕಳು. ಬೀಳ್ಕೊಡುಗೆಯಲ್ಲಿ ಅರ್ಪಿಸಿದ ಹಮ್ಮಿಣಿಯ ಹಣ ಎರಡು ಕೋಣೆಯ ಬಾಡಿಗೆ ಮನೆಯ ಮುಂಗಡಕ್ಕೆ ಸರಿಹೋಯಿತು. ಏಳು ಊರುಗಳಲ್ಲಿ ಏಳು ಬಂಗಲೆಗಳಲ್ಲಿ ಬಾಳಿದ ಅವರಿಗೆ ಸ್ವಂತದ್ದೆಂದು ಒಂದು ಚಾವಿಯೂ ಇರಲಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ. ದೊಡ್ಡ ಸಭಾಪ್ರಾಂತ್ಯಗಳಲ್ಲಿ (ಡಯಾಸಿಸ್‌ಗಳಲ್ಲಿ) ಹೆಸರಿಗಾದರೂ ಒಂದು ನಿವೃತ್ತಿ ನಿಧಿ ಇರುತ್ತದೆ. ಶೆಡ್ಡಿನಲ್ಲೋ ಬಾಡಿಗೆ ಹಾಲಿನಲ್ಲೋ ಆರಾಧನೆ ನಡೆಸುವ ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಅದೂ ಇರುವುದು ಅಪರೂಪ.

ಮೊದಲ ತೊಡಕು ಇರುವುದು ಲಕೋಟೆಯಲ್ಲಿ. ಮದುವೆ, ದೀಕ್ಷಾಸ್ನಾನ, ಸಮಾಧಿ ಸೇವೆ, ಮನೆಯ ಪ್ರಾರ್ಥನೆ ಮುಗಿದ ಮೇಲೆ ಪಾಲಕರ ಕೈಗೆ ಒಂದು ಕವರು ಬರುತ್ತದೆ. ಅಪ್ಪ ಇವುಗಳನ್ನೆಲ್ಲ ಡೈರಿಯ ಹಿಂಬದಿಯ ಪುಟಗಳಲ್ಲಿ 51, 101, ಅಪರೂಪಕ್ಕೆ 501 ಎಂದು ಬರೆದಿಡುತ್ತಿದ್ದರು. ಯಾರು ಕೊಟ್ಟರೆಂದು ಬರೆಯುತ್ತಿರಲಿಲ್ಲ. ಇವತ್ತಿಗೂ ಬಹುಪಾಲು ಪಾಲಕರು ಇದನ್ನು ಪ್ರೀತಿಯ ಕಾಣಿಕೆ ಎಂದು ತಿಳಿದು ಆದಾಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾನೂನು ಹಾಗೆ ನೋಡುವುದಿಲ್ಲ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆಯ ಹಣ 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತ ಆದಾಯವಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು 1958ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ತಿರುವನಂತಪುರದಲ್ಲಿ ವೇದಾಂತ ಬೋಧಿಸುತ್ತಿದ್ದ ಪಿ. ಕೃಷ್ಣ ಮೆನನ್ ಅವರಿಗೆ ಶಿಷ್ಯರೊಬ್ಬರು ಹಣ ಕೊಟ್ಟಿದ್ದರು. ಆಗ ಬೆಂಗಳೂರಿನಲ್ಲಿದ್ದ ಮೈಸೂರು, ತಿರುವಾಂಕೂರು-ಕೊಚ್ಚಿ ಮತ್ತು ಕೊಡಗಿನ ಆದಾಯ ತೆರಿಗೆ ಆಯುಕ್ತರು ಆ ಪ್ರಕರಣದಲ್ಲಿ ಎದುರುವಾದಿಯಾಗಿದ್ದರು. ಲಾಭದ ಉದ್ದೇಶವಿಲ್ಲದಿದ್ದರೂ ಬೋಧನೆ ಒಂದು ವೃತ್ತಿಯೇ, ಆ ವೃತ್ತಿಯ ಕಾರಣದಿಂದ ಬಂದ ಹಣ ಆದಾಯವೇ ಎಂದು ನ್ಯಾಯಾಲಯ ಹೇಳಿತು. ವೇದಾಂತಕ್ಕೆ ಅನ್ವಯಿಸುವ ಈ ತರ್ಕ ಸುವಾರ್ತೆಗೆ ಅನ್ವಯಿಸದೆ ಹೋಗಲು ಕಾರಣ ನನಗೆ ಕಾಣುವುದಿಲ್ಲ.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಾಗ, 'ಇನ್ನು ಪಾದ್ರಿಗಳಿಗೂ ತೆರಿಗೆ ಹಾಕುತ್ತಾರಂತೆ' ಎಂಬ ಗಾಬರಿಯ ಕರೆಗಳು ನಮ್ಮ ಕಚೇರಿಗೆ ಬಂದವು. ಆ ಪ್ರಕರಣವೇ ಬೇರೆ. ಅನುದಾನಿತ ಶಾಲೆಗಳಲ್ಲಿ ಶಿಕ್ಷಕರಾಗಿರುವ ಕಥೋಲಿಕ ಗುರುಗಳು ಮತ್ತು ಸಿಸ್ಟರುಗಳು ಬಡತನದ ವ್ರತದಂತೆ ಸಂಬಳವನ್ನು ತಮ್ಮ ಸಂಸ್ಥೆಗೆ ಒಪ್ಪಿಸಿದರೂ, ಸರ್ಕಾರ ಸಂಬಳ ಕೊಡುವಾಗಲೇ ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿತ ಮಾಡಬಹುದು ಎಂಬುದಷ್ಟೇ ಅದರ ಸಾರ. ವ್ರತಸ್ಥರನ್ನು ಅವರ ಸಂಸ್ಥೆ ಕೊನೆಯವರೆಗೂ ನೋಡಿಕೊಳ್ಳುತ್ತದೆ. ನಮ್ಮ ಸಭಾಪಾಲಕರು ಹೆಂಡತಿ, ಮಕ್ಕಳು, ಕಾಲೇಜು ಶುಲ್ಕ, ಮುಪ್ಪಿನ ತಂದೆತಾಯಿ ಎಲ್ಲವೂ ಇರುವ ಸಂಸಾರಿಗಳು. ಅವರಿಂದ ವ್ರತಸ್ಥರ ಬದುಕನ್ನು ನಿರೀಕ್ಷಿಸಿ, ವ್ರತಸ್ಥರಿಗೆ ಸಿಗುವ ಆಸರೆಯನ್ನು ಮಾತ್ರ ಕೊಡದಿರುವುದು ನ್ಯಾಯವಲ್ಲ.

ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಕಾಣಿಕೆ ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಎಷ್ಟೋ ಕಡೆ ಪಾಸ್ಟರ್ ಅವರ ಸ್ವಂತ ಉಳಿತಾಯ ಖಾತೆಯದು. ಸಭೆಯ ಬಾಡಿಗೆ, ಕರೆಂಟು ಬಿಲ್ಲು, ಧ್ವನಿವರ್ಧಕದ ಕಂತು, ಬಡವರ ಔಷಧಿ, ಮನೆಯ ಅಕ್ಕಿ ಬೇಳೆ ಎಲ್ಲವೂ ಅದೇ ಖಾತೆಯಿಂದ ಹೋಗುತ್ತವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನಮ್ಮ ರಾಜ್ಯದ ಬೇಕರಿ, ಟೀ ಅಂಗಡಿಗಳಿಗೆ ನೋಟಿಸು ಕೊಟ್ಟಾಗ, ಹಾವೇರಿಯ ತರಕಾರಿ ವ್ಯಾಪಾರಿಯವರೆಗೆ ಆ ಬಿಸಿ ತಟ್ಟಿದ್ದನ್ನು ಓದುಗರು ಮರೆತಿರಲಾರರು. ಅದು ಜಿಎಸ್‌ಟಿಯ ವಿಷಯ, ಕಾಣಿಕೆಗೆ ಸಂಬಂಧಿಸಿದ್ದಲ್ಲ. ಆದರೆ ಮೊಬೈಲಿನಲ್ಲಿ ಬಂದ ಹಣಕ್ಕೆ ಗುರುತು ಉಳಿಯುತ್ತದೆ ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಉಳಿತಾಯ ಖಾತೆಗೆ ಜಮೆಯಾದರೆ ಬ್ಯಾಂಕು ತಾನಾಗಿಯೇ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಸಭೆಯ ಹಣವನ್ನು ತನ್ನ ಹಣವಲ್ಲವೆಂದು ಆಗ ಸಾಬೀತುಪಡಿಸಬೇಕಾದವರು ಪಾಸ್ಟರೇ. ಟ್ರಸ್ಟನ್ನೋ ಸಂಘವನ್ನೋ ನೋಂದಾಯಿಸಿ ಅದರ ಹೆಸರಿನಲ್ಲಿ ಪ್ಯಾನ್ ಮತ್ತು ಖಾತೆ ಮಾಡಿಸಿ, ಪಾಲಕರಿಗೆ ಅಲ್ಲಿಂದ ಪ್ರತಿ ತಿಂಗಳು ನಿಗದಿತ ಸಂಬಳ ವರ್ಗಾಯಿಸುವುದೇ ಇದಕ್ಕೆ ದಾರಿ.

ಇಷ್ಟು ಹೇಳಿದ ಕೂಡಲೇ ತೆರಿಗೆಯ ಭಯ ಕಾಡುತ್ತದೆ. ಆ ಭಯಕ್ಕೆ ಆಧಾರವಿಲ್ಲ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲ. ಅಷ್ಟು ಸಂಬಳ ಪಡೆಯುವ ಪಾಲಕರನ್ನು ನಾನಂತೂ ನೋಡಿಲ್ಲ. ಆದರೆ ತೆರಿಗೆ ಇಲ್ಲ ಎಂದರೆ ರಿಟರ್ನ್ ಬೇಡ ಎಂದಲ್ಲ. ಆದಾಯ 4 ಲಕ್ಷ ದಾಟಿದರೆ, ರಿಯಾಯಿತಿಯಿಂದ ತೆರಿಗೆ ಸೊನ್ನೆಯಾದರೂ, ರಿಟರ್ನ್ ಸಲ್ಲಿಸಲೇಬೇಕು. ಅದಕ್ಕಿಂತ ಕಡಿಮೆ ಇದ್ದವರೂ ಸಲ್ಲಿಸುವುದು ಒಳ್ಳೆಯದು. ಕಳೆದ ವರ್ಷ ಪಾಲಕರೊಬ್ಬರು ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕೇಳಿದ್ದು ಎರಡೇ ಕಾಗದ: ಸಂಬಳ ಚೀಟಿ ಮತ್ತು ಮೂರು ವರ್ಷದ ರಿಟರ್ನ್. 22 ವರ್ಷ ದುಡಿದ ಆ ಮನುಷ್ಯನ ಬಳಿ ಎರಡೂ ಇರಲಿಲ್ಲ.

ಅಂದಹಾಗೆ, ಅಮೆರಿಕದ ಪಾಸ್ಟರುಗಳಿಗೆಂದು ಮಾಡಿದ ಯೂಟ್ಯೂಬ್ ಸಲಹೆಗಳನ್ನು ನೋಡಿ ಇಲ್ಲಿ ಲೆಕ್ಕ ಹಾಕುವವರಿದ್ದಾರೆ. ಅಲ್ಲಿ ಪಾಸ್ಟರುಗಳ ವಸತಿ ಭತ್ಯೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಇಲ್ಲಿ ಹಾಗಲ್ಲ, ಸಂಬಳ ಕೊಡುವ ಸಂಸ್ಥೆ ತನ್ನ ಸ್ವಂತ ಕಟ್ಟಡದಲ್ಲಿ ಉಚಿತವಾಗಿ ಕೊಟ್ಟ ಮನೆಯೂ ಸಂಬಳದ ಭಾಗ. 2023ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ದರದಂತೆ ತಿಂಗಳಿಗೆ 25,000 ಸಂಬಳದ ಪಾಲಕರ ಬಂಗಲೆಗೆ ಹುಬ್ಬಳ್ಳಿಯಂಥ ಊರಿನಲ್ಲಿ ಶೇ 5ರಂತೆ ವರ್ಷಕ್ಕೆ 15,000, ಬೆಂಗಳೂರಿನಲ್ಲಿ ಶೇ 10ರಂತೆ 30,000 ರೂಪಾಯಿ ಆದಾಯಕ್ಕೆ ಸೇರುತ್ತದೆ. ಕಟ್ಟಬೇಕಾದ ತೆರಿಗೆ ಅದರಿಂದಲೂ ಹುಟ್ಟುವುದಿಲ್ಲ, ಲೆಕ್ಕ ಮಾತ್ರ ಶುದ್ಧವಾಗಿರುತ್ತದೆ.

ಇನ್ನು ಮುಪ್ಪಿನ ಮಾತು. ಸೇವೆಗೆ ಬರುವ ತರುಣ ಪಾಲಕರಿಗೆ ವಯಸ್ಸು ಸಾಮಾನ್ಯವಾಗಿ 25ರ ಆಸುಪಾಸು ಇರುತ್ತದೆ. ಆ ವಯಸ್ಸಿನಲ್ಲಿ ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರಿದರೆ ತಿಂಗಳಿಗೆ 376 ರೂಪಾಯಿ ಕಟ್ಟಿ 60ರ ನಂತರ ತಿಂಗಳಿಗೆ 5,000 ಪಡೆಯಬಹುದು. ಅವರ ನಂತರ ಪತ್ನಿಗೂ ಅಷ್ಟೇ ಬರುತ್ತದೆ. ಅದೇ 5,000ಕ್ಕೆ 30ರಲ್ಲಿ ಸೇರಿದವರು 577, 40ರಲ್ಲಿ ಸೇರಿದವರು 1,454 ಕಟ್ಟಬೇಕು, 40 ದಾಟಿದ ಮೇಲೆ ಬಾಗಿಲೇ ಮುಚ್ಚುತ್ತದೆ. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಪಾವತಿದಾರರಿಗೆ ಇದರಲ್ಲಿ ಪ್ರವೇಶವಿಲ್ಲ, ನಮ್ಮ ಪಾಲಕರಿಗೆ ಅದು ಅಡ್ಡಿಯಾಗುವ ಸಂಭವ ಕಡಿಮೆ. ಮೂವತ್ತೈದು ವರ್ಷದ ನಂತರದ ಐದು ಸಾವಿರಕ್ಕೆ ಏನು ಬೆಲೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಆದ್ದರಿಂದಲೇ ಅದೊಂದನ್ನೇ ನೆಚ್ಚಬಾರದು. ಅಂಚೆ ಕಚೇರಿಯ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ 24,000 ಹಾಕುತ್ತ ಬಂದರೆ ಶೇ 7.1ರ ಬಡ್ಡಿದರ ಹೀಗೆಯೇ ಉಳಿದರೆ 15 ವರ್ಷಕ್ಕೆ ಸುಮಾರು ಆರೂವರೆ ಲಕ್ಷ, ಅವಧಿ ವಿಸ್ತರಿಸಿ 25 ವರ್ಷ ಮುಂದುವರಿಸಿದರೆ ಸುಮಾರು ಹದಿನಾರೂವರೆ ಲಕ್ಷ ಕೂಡುತ್ತದೆ. ಕೊನೆಯ ಹತ್ತು ವರ್ಷದಲ್ಲಿ ಹಣ ಎಷ್ಟು ವೇಗವಾಗಿ ಬೆಳೆಯಿತೆಂಬುದನ್ನು ಗಮನಿಸಿ. ಸಂಬಳ ಸ್ವಲ್ಪ ಹೆಚ್ಚಿರುವ ಕಡೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಮೇಲು; ಸಭೆಯೇ ಸಂಬಳದ ಶೇ 14ರವರೆಗೆ ಅದಕ್ಕೆ ಕಟ್ಟಿದರೂ ಹೊಸ ಪದ್ಧತಿಯಲ್ಲಿ ಪಾಲಕರಿಗೆ ಅದರ ಮೇಲೆ ತೆರಿಗೆಯಿಲ್ಲ. ಜೀವ ವಿಮೆಗೆ 436 ಮತ್ತು ಅಪಘಾತ ವಿಮೆಗೆ 20 ರೂಪಾಯಿಯಂತೆ ವರ್ಷಕ್ಕೆ 456 ರೂಪಾಯಿಗೆ ಬ್ಯಾಂಕಿನಲ್ಲೇ ಸಿಗುವ ಪ್ರಧಾನಮಂತ್ರಿ ವಿಮೆಗಳನ್ನೂ ಮಾಡಿಸದ ಪಾಲಕರಿದ್ದಾರೆ. ನಾಳೆಯೇ ಮಾಡಿಸಲಿ, ನಾಮಿನಿಯ ಜಾಗದಲ್ಲಿ ಪತ್ನಿಯ ಹೆಸರಿದೆಯೇ ಎಂದು ನೋಡಲಿ.

ಆದರೆ ಉಳಿತಾಯದ ಬುದ್ಧಿಮಾತನ್ನು ಪಾಲಕರಿಗೆ ಮಾತ್ರ ಹೇಳುವುದು ಸುಲಭದ ಕೆಲಸ. ತಿಂಗಳಿಗೆ ಹನ್ನೆರಡು ಸಾವಿರದಲ್ಲಿ ಸಂಸಾರ ನಡೆಸುವವರು ಎರಡು ಸಾವಿರ ಎಲ್ಲಿಂದ ತೆಗೆದಿಟ್ಟಾರು? ಪಾಲಕರು ತಾವಾಗಿ ಸಂಬಳದ ಮಾತೆತ್ತಿದರೆ 'ಅಯ್ಯನವರಿಗೆ ಹಣದ ಆಸೆ' ಎಂಬ ಗುಸುಗುಸು ಅಂಗಳದಲ್ಲೇ ಶುರುವಾಗುತ್ತದೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಪೈಪೋಟಿಯಿಂದ ಎರಡು ಸಾವಿರಕ್ಕೆ ಕೂಗುವ ನಾವು, ಪಾಲಕರ ಪಿಂಚಣಿಗೆ ಅಷ್ಟೇ ಮೊತ್ತ ಕಟ್ಟೋಣವೆಂದರೆ ಮುಂದಿನ ವರ್ಷ ನೋಡೋಣ ಎನ್ನುತ್ತೇವೆ. ಆದ್ದರಿಂದ ಈ ಮಾತನ್ನು ಎತ್ತಬೇಕಾದವರು ಸಭಾ ಸಮಿತಿಯವರು ಮತ್ತು ಸಭೆಯ ಸದಸ್ಯರು. ಬಂಗಲೆ ಕೊಟ್ಟಿದ್ದೇವಲ್ಲ ಎನ್ನುವ ಸಮಿತಿಗಳು, ಅದೇ ಬಂಗಲೆಯಿಂದಾಗಿ ಪಾಲಕರು ಜೀವಮಾನವಿಡೀ ಮನೆ ಕಟ್ಟುವ ಯೋಚನೆ ಮಾಡದೆ ಹೋಗುತ್ತಾರೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಸಭೆಯ ವಾರ್ಷಿಕ ಆಯವ್ಯಯ ಪಟ್ಟಿಯಲ್ಲಿ ಗಂಟೆಯ ದುರಸ್ತಿಗೆ, ಹೂವಿಗೆ, ಕ್ರಿಸ್‌ಮಸ್ ದೀಪಕ್ಕೆ ಬೇರೆ ಬೇರೆ ಸಾಲುಗಳಿವೆ. ಪಾಲಕರ ನಿವೃತ್ತಿಗೆ ಸಾಲಿಲ್ಲ. ಬರುವ ಮಹಾಸಭೆಯಲ್ಲಿ ಅದೊಂದು ಸಾಲು ಸೇರಿಸಬೇಕೆಂದು ಲಿಖಿತ ಸೂಚನೆ ಕೊಟ್ಟಿದ್ದೇನೆ. ಅನುಮೋದಿಸುವವರೊಬ್ಬರು ಬೇಕಾಗಿದ್ದಾರೆ.

ಇಂತಿ,
ಸಭಾಪಾಲಕರೊಬ್ಬರ ಮಗಳು,
ಹುಬ್ಬಳ್ಳಿ