ಹನಿ ಉಳಿಸಿಕೊಟ್ಟವರಿಗೆ

ಮೊನ್ನೆ ನನ್ನ ಥೀಸಿಸ್ ಡಿಫೆನ್ಸ್ ಮುಗಿಯಿತು. ಇಷ್ಟು ವರ್ಷ ಏನು ಮಾಡಿದೆ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಎಣ್ಣೆಯೊಳಗೆ ನೀರಿನ ಹನಿ ಮಾಡಿದೆ. ನಗ್ತಾರೆ, ನಗಲಿ.

ಸೂಜಿಯಿಂದ ಎಣ್ಣೆಗೆ ಸುಮ್ನೆ ನೀರು ಬಿಟ್ಟರೆ ದಪ್ಪ ಹನಿ ಬೀಳುತ್ತದೆ. ವೋಲ್ಟೇಜ್ ಕೊಟ್ಟು ಏರಿಸುತ್ತಾ ಹೋದರೆ ತುದಿಯ ನೀರು ಮುಂದಕ್ಕೆ ಚಾಚಿ ಶಂಕುವಿನ ಆಕಾರಕ್ಕೆ ಬರುತ್ತದೆ. 1964ರಲ್ಲಿ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ಲೆಕ್ಕ ಹಾಕಿ ತೋರಿಸಿದ ಶಂಕು ಅದು, ಅರ್ಧಕೋನ 49.3 ಡಿಗ್ರಿ. ಆ ಮೊನೆಯಿಂದ ಕೂದಲಿಗಿಂತ ತೆಳ್ಳನೆಯ ಎಳೆ ಹೊರಟು ಪುಟ್ಟ ಹನಿಗಳಾಗಿ ಒಡೆಯುತ್ತದೆ. 100 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಒಂದೇ ಹನಿಯ ನೀರಿನಲ್ಲಿ 10 ಮೈಕ್ರಾನಿನ 1000 ಹನಿ ಮಾಡಬಹುದು. ಒಂದೊಂದೂ ಒಂದು ಟೆಸ್ಟ್ ಟ್ಯೂಬ್ ಇದ್ದ ಹಾಗೆ.

ನನ್ನ ಕಷ್ಟ ಹನಿ ಹುಟ್ಟಿದ ಮೇಲೆ ಶುರುವಾಗುತ್ತಿತ್ತು. ಸೂಜಿಯ ಹತ್ತಿರ ಕ್ಯಾಮೆರಾ ಇಟ್ಟರೆ ಮುತ್ತು ಪೋಣಿಸಿದ ಹಾಗೆ ಹನಿಗಳು. ಸ್ವಲ್ಪ ಮುಂದೆ ನೋಡಿದರೆ ಮತ್ತೆ ಅವೇ ದಪ್ಪ ಗುಂಡುಗಳು! ನಾನು ವೋಲ್ಟೇಜ್ ಜಾಸ್ತಿ ಮಾಡಿದೆ. ಇನ್ನೂ ಕೆಟ್ಟಿತು. ಒಂದು ಸಲ ಕಿಡಿ ಹಾರಿ, ಸೂಜಿ ಮತ್ತು ಹನಿ ಹರಿಯುವ ಸಣ್ಣ ಚಾನೆಲ್ ಇರುವ ಚಿಪ್ ಸುಟ್ಟೇ ಹೋಯಿತು. ಎಂಟು ತಿಂಗಳು ಹೀಗೇ ಹೋಯಿತು.

ಒಂದು ಸಂಜೆ ವರ್ಕ್‌ಶಾಪಿನ ಅಣ್ಣ ಬಂದು ಪರದೆ ನೋಡಿದರು. "ಹನಿ ಒಡೆದಾಯ್ತಲ್ಲ, ಮುಂದೆ ಯಾಕೆ ಇಷ್ಟುದ್ದ ಕರೆಂಟ್ ಪಟ್ಟಿ?" ಅಂದರು.

ನನಗೆ ಗೊತ್ತಿರಬೇಕಿತ್ತು ಅಲ್ವಾ? ಒಡೆಯುವ ವಿದ್ಯುತ್ ಕ್ಷೇತ್ರವೇ ಕೂಡಿಸುತ್ತದೆ ಕೂಡ. ಒಂದು ಹನಿಯ ಪ್ಲಸ್ ಬದಿ ಪಕ್ಕದ ಹನಿಯ ಮೈನಸ್ ಬದಿಯನ್ನು ಎಳೆದುಕೊಳ್ಳುತ್ತದೆ. ಕಚ್ಚಾ ತೈಲದಿಂದ ನೀರು ತೆಗೆಯಲು ಬಳಸುವುದೂ ಇದನ್ನೇ. ಹನಿಗಳು ಕೂಡಿಕೊಳ್ಳದಿರಲಿ ಅಂತ ಎಣ್ಣೆಗೆ ಹಾಕಿದ ‘ಸ್ಪ್ಯಾನ್ 80’ ಎಂಬ ಸೋಪಿನಂಥ ವಸ್ತು ಹನಿಯ ಮೈ ಮುಚ್ಚುವುದಕ್ಕೆ ಒಂಚೂರು ಹೊತ್ತು ಬೇಕು. ಆ ಹೊತ್ತನ್ನೇ ನಾನು ಕೊಟ್ಟಿರಲಿಲ್ಲ. ಅಣ್ಣ ಬ್ಲೇಡ್ ತಗೊಂಡು ವೋಲ್ಟೇಜ್ ಕೊಡುವ ಆ ತಾಮ್ರದ ಪಟ್ಟಿಯನ್ನು ಸೂಜಿಯ ತುದಿ ದಾಟಿದ ಕೂಡಲೇ ಕತ್ತರಿಸಿದರು. ಆ ರಾತ್ರಿ ಹನಿಗಳು ಚಾನೆಲ್ ಕೊನೆಯವರೆಗೂ ಬಿಡಿಬಿಡಿಯಾಗೇ ಹೋದವು.

ಸುಟ್ಟ ಚಿಪ್ ನೋಡಿಯೂ "ಇನ್ನೊಂದು ಮಾಡು" ಎಂದಷ್ಟೇ ಹೇಳಿದ ನನ್ನ ಗೈಡ್ ಮೇಡಂಗೆ, ರಾತ್ರಿಯೆಲ್ಲ ಕೂತು ಹನಿ ಎಣಿಸಿದ ಜೂನಿಯರ್‌ಗಳಿಗೆ, ಫೋನಿನಲ್ಲಿ ದಿನಾ "ಇವತ್ತು ಹನಿ ನಿಂತ್ವಾ?" ಅಂತ ಕೇಳಿದ ಅಮ್ಮನಿಗೆ ತುಂಬಾ ಥ್ಯಾಂಕ್ಸ್.

ಅಣ್ಣ, ಆ ಕತ್ತರಿಸಿದ ತಾಮ್ರದ ತುಂಡು ನನ್ನ ಹತ್ತಿರವೇ ಇದೆ. ವಾಪಸ್ ಕೊಡಲ್ಲ.