ತೂಕ ಎಷ್ಟು ಅಂತ ನೇರವಾಗಿ ಕೇಳಿ

ಮಾನ್ಯ ಸಂಪಾದಕರೇ,

ವಯಸ್ಸಾದ ಮೇಲೆ ವಿಮಾನದಿಂದ ಜಿಗಿದವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಅದರಲ್ಲಿ ವಯಸ್ಸಿನ ಬಗ್ಗೆ ತುಂಬಾ ಇತ್ತು, ತೂಕದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನನಗೆ 56 ವರ್ಷ, ತೂಕ 94 ಕೆ.ಜಿ. ಕಳೆದ ವರ್ಷ ಸ್ಕೈಡೈವಿಂಗ್ ಕಲಿಯಲು ಶುರು ಮಾಡಿದೆ. ಇಲ್ಲಿವರೆಗೆ 19 ಸಲ ಜಿಗಿದಿದ್ದೇನೆ.

ಸೇರುವ ದಿನ ಫಾರ್ಮ್‌ನಲ್ಲಿ ತೂಕ 82 ಅಂತ ಬರೆದೆ. ಹಿಂದೆ ಸಾಲಿನಲ್ಲಿ ಚಿಕ್ಕ ವಯಸ್ಸಿನವರು ನಿಂತಿದ್ದರು, ನಾಚಿಕೆಯಾಯಿತು. ಹನ್ನೆರಡು ಕೆ.ಜಿ.ಯಲ್ಲಿ ಏನಿದೆ ಅಂದುಕೊಂಡೆ. ಅಲ್ಲಿ ಯಾರೂ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲಿಲ್ಲ. ಸುಳ್ಳು ಬರೆದದ್ದು ನನ್ನ ತಪ್ಪು. ತೂಗಿ ನೋಡದೆ ಬಿಟ್ಟದ್ದು ಅವರ ತಪ್ಪು.

ಮೊದಲ ಜಿಗಿತ 13,000 ಅಡಿಯಿಂದ. ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಎಡಬಲದಲ್ಲಿ ಹಿಡಿದುಕೊಂಡಿದ್ದರು. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಸಾಮಾನ್ಯವಾಗಿ ಗಂಟೆಗೆ ಸುಮಾರು 200 ಕಿ.ಮೀ. ಇರುತ್ತದೆ. ತೂಕ ಜಾಸ್ತಿ ಇದ್ದರೆ ವೇಗವೂ ಜಾಸ್ತಿ. ನನ್ನ ಎಡಗಡೆ ಇದ್ದವರು ತೆಳ್ಳಗಿದ್ದರು. 82 ಕೆ.ಜಿ. ಅಂತ ನಂಬಿ ಬಂದವರು. ನಾನು ಕೆಳಗೆ ಎಳೆಯುತ್ತಿದ್ದೆ, ಅವರು ಮೇಲೆ ಉಳಿಯುತ್ತಿದ್ದರು. ನನ್ನನ್ನು ಕೈಬಿಡಬಾರದು ಅಂತ ಅವರು ಎಷ್ಟು ಒದ್ದಾಡಿದರು ಅನ್ನುವುದು ಆಮೇಲೆ ವಿಡಿಯೋ ನೋಡಿದಾಗ ಗೊತ್ತಾಯಿತು. ಆ ವಿಡಿಯೋ ನೋಡಿ ಅತ್ತುಬಿಟ್ಟೆ. ಒಂದು ಸಂಖ್ಯೆ ಮುಚ್ಚಿಡಲು ಹೋಗಿ ಇನ್ನೊಬ್ಬರನ್ನು ಅಪಾಯಕ್ಕೆ ಒಡ್ಡಿದ್ದೆ.

ಅಲ್ಲಿನ ಹಿರಿಯ ಇನ್‌ಸ್ಟ್ರಕ್ಟರ್ ಬೈಯಲಿಲ್ಲ. ಪ್ಯಾರಾಚೂಟ್ ಚೀಲ ಸಮೇತ ಜಿಗಿಯುವಾಗಿನ ಎಲ್ಲ ಸಾಮಾನು ಹಾಕಿಸಿ ತೂಗಿದರು. 108 ಕೆ.ಜಿ. ಬಂತು. ಪೌಂಡ್ ಲೆಕ್ಕದಲ್ಲಿ 238. ಸಾಮಾನು ಸೇರಿ ಎಷ್ಟು ಪೌಂಡ್ ಇದ್ದೇವೋ, ಕಲಿಯುವವರ ತಲೆಯ ಮೇಲಿನ ಪ್ಯಾರಾಚೂಟ್ ಕನಿಷ್ಠ ಅಷ್ಟು ಚದರ ಅಡಿ ಇರಬೇಕು, ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದು ಅಂತ ವಿವರಿಸಿದರು. ನನಗೆ ಕೊಟ್ಟಿದ್ದದ್ದು 240 ಚದರ ಅಡಿಯದ್ದು, ಅಂದರೆ ಅಂಚಿನಲ್ಲೇ ಇದ್ದೆ. ಮುಂದಿನ ಸಲ 280 ಚದರ ಅಡಿಯದ್ದು ಸಿಕ್ಕಿತು. ಗಾಳಿ ತಡೆಯುವ ದೊಗಳೆ ಜಂಪ್‌ಸೂಟ್ ಸಿಕ್ಕಿತು. ಜೊತೆಗೆ ನನ್ನ ವೇಗಕ್ಕೆ ಸರಿಯಾಗಿ ಬೀಳಬಲ್ಲ, ಮೈಕಟ್ಟು ಇರುವ ಇನ್‌ಸ್ಟ್ರಕ್ಟರ್‌ಗಳು ಬಂದರು. ನಿಜ ಹೇಳಿದ್ದರೆ ಮೊದಲ ದಿನವೇ ಇದೆಲ್ಲ ಸಿಗುತ್ತಿತ್ತು ಅಲ್ವಾ?

ಡಾಕ್ಟರ ಹತ್ತಿರ ಹೃದಯ, ಬಿ.ಪಿ. ತೋರಿಸಿಕೊಳ್ಳುವುದು ಇದ್ದೇ ಇದೆ. ಆದರೆ ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಭುಜ. ಪ್ಯಾರಾಚೂಟ್ ಬಿಚ್ಚುವ ಹಿಡಿ ಬೆನ್ನ ಮೇಲಿನ ಚೀಲದ ತಳದಲ್ಲಿ, ಬಲ ಸೊಂಟದ ಹಿಂದೆ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೇ ಗೊತ್ತಿರಬೇಕು. ನನ್ನ ಕೈ ಅಲ್ಲಿಗೆ ಸಲೀಸಾಗಿ ಹೋಗುತ್ತಿರಲಿಲ್ಲ. ಎರಡು ತಿಂಗಳು ದಿನಾ ಬೆಳಿಗ್ಗೆ ಟವೆಲ್ ಹಿಡಿದು ಬೆನ್ನ ಹಿಂದೆ ಎಳೆದು ಅಭ್ಯಾಸ ಮಾಡಿದೆ. ಕೈ ತಲುಪದೇ ಹೋದರೆ ಒಂದು ಎತ್ತರದಲ್ಲಿ ಮೀಸಲು ಪ್ಯಾರಾಚೂಟನ್ನು ತಾನೇ ಬಿಚ್ಚುವ ಸಾಧನ ಇದೆ, ನಿಜ. ಆದರೆ ಅದನ್ನು ನಂಬಿಕೊಂಡು ಯಾರೂ ಜಿಗಿಯಬಾರದು.

ಇನ್ನು ಇಳಿಯುವುದು. ಐದನೇ ಜಿಗಿತದಲ್ಲಿ ನಿಂತೇ ಇಳಿಯುತ್ತೇನೆ ಅಂತ ಹಟ ಮಾಡಿ ಕಾಲು ಉಳುಕಿಸಿಕೊಂಡೆ. ಒಂದೂವರೆ ತಿಂಗಳು ಮನೆಯಲ್ಲಿ ಕೂತೆ. ನಮ್ಮಂಥವರ ಮಂಡಿ, ಪಾದಗಳು ಆ ಭಾರವನ್ನು ಒಮ್ಮೆಲೇ ಹೊರಬಾರದು. ಪಾದ, ಮಂಡಿ ಜೋಡಿಸಿ, ಪಕ್ಕಕ್ಕೆ ಉರುಳಬೇಕು. ನೆಲದ ಮೇಲೆ ಇದನ್ನು ನೂರು ಸಲ ಮಾಡಿದರೂ ಹೆಚ್ಚಲ್ಲ.

ನಿಮ್ಮ ಲೇಖನದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್ 2014ರಲ್ಲಿ ತಮ್ಮ 90ನೇ ಹುಟ್ಟುಹಬ್ಬಕ್ಕೆ ಜಿಗಿದದ್ದು ಇತ್ತು. 2023ರಲ್ಲಿ 106ನೇ ವಯಸ್ಸಿಗೆ ಜಿಗಿದ ಆಲ್ಫ್ರೆಡ್ ಬ್ಲಾಷ್ಕೆ ಅವರ ಕಥೆಯೂ ಇತ್ತು. ಇಬ್ಬರ ಮೇಲೂ ನನಗೆ ತುಂಬಾ ಗೌರವ. ಆದರೆ ಅವೆರಡೂ ಟ್ಯಾಂಡಮ್ ಜಿಗಿತ. ಪ್ಯಾರಾಚೂಟ್ ಇನ್‌ಸ್ಟ್ರಕ್ಟರ್ ಬೆನ್ನಿಗಿರುತ್ತದೆ, ನಾವು ಅವರ ಎದೆಗೆ ಕಟ್ಟಿಕೊಂಡಿರುತ್ತೇವೆ. ಇಬ್ಬರ ಭಾರವೂ ಒಂದೇ ಪ್ಯಾರಾಚೂಟ್ ಮೇಲೆ. ಹಾಗಾಗಿ ಅಲ್ಲೂ ತೂಕದ ಮಿತಿ ಇದ್ದೇ ಇರುತ್ತದೆ. ನನಗೆ ಇನ್ನೂ ಹತ್ತಿರ ಅನ್ನಿಸುವವರು ಅಮೆರಿಕದ ಕಂಪ್ಯೂಟರ್ ತಜ್ಞ ಆಲನ್ ಯೂಸ್ಟೇಸ್. ಅದೇ 2014ರಲ್ಲಿ, 57ನೇ ವಯಸ್ಸಿನಲ್ಲಿ, ಅವರು 41 ಕಿ.ಮೀ. ಎತ್ತರದಿಂದ ಒಬ್ಬರೇ ಜಿಗಿದರು. ಅದಕ್ಕೆ ವರ್ಷಗಟ್ಟಲೆ ತಯಾರಿ ಮಾಡಿದ್ದರು. ದಯವಿಟ್ಟು ಅಂಥ ತಯಾರಿಯ ಬಗ್ಗೆಯೂ ಬರೆಯಿರಿ. 'ವಯಸ್ಸು ಬರೀ ಸಂಖ್ಯೆ' ಅಂತ ಸುಮ್ನೆ ಹುರಿದುಂಬಿಸಿದರೆ ಸಾಲದು.

ಕಲಿಸುವವರಲ್ಲಿ ನನ್ನದೊಂದು ಬೇಡಿಕೆ. ತೂಕದ ಮಿತಿ ಎಷ್ಟು ಅಂತ ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಿ. ಬಂದವರನ್ನೆಲ್ಲ, ತೆಳ್ಳಗಿರುವವರನ್ನೂ, ಸಾಮಾನು ಸಮೇತ ತೂಗಿ. ಸಾಲಿನ ಮುಂದೆ ಬೇಡ, ಒಳಗೆ ಕರೆದು ತೂಗಿ. 'ಆಗುವುದಿಲ್ಲ' ಅನ್ನಬೇಕಾದರೆ ಕಾರಣ ಸಮೇತ ಹೇಳಿ, ಅರ್ಥ ಮಾಡಿಕೊಳ್ಳುತ್ತೇವೆ.

ನನ್ನ ಹಾಗೆ ಫಾರ್ಮ್‌ನಲ್ಲಿ ಕಡಿಮೆ ಬರೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಸಲ ವಿಮಾನ ಹತ್ತುವ ಮೊದಲು ಅದನ್ನು ತಿದ್ದಿಸಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು